ಹೆಪಟೈಟಿಸ್ ಬಿ, ಸಿ: ಲಿವರಿನೊಳಗೆ ವರ್ಷಗಟ್ಟಲೆ ಆರದೆ ಉಳಿಯುವ ಉರಿಯೂತ

ಮುಂಬಯಿಯಲ್ಲಿ ಮಳೆ ಹಿಡಿದುಕೊಂಡಿತೆಂದರೆ ಮಾಟುಂಗಾ, ಸಯನ್, ಕುರ್ಲಾ ಕಡೆಯ ದವಾಖಾನೆಗಳಲ್ಲಿ ಕಣ್ಣು ಹಳದಿಯಾದವರು ಕಾಣಿಸತೊಡಗುತ್ತಾರೆ. ಮರಾಠಿಯವರು ಇದನ್ನು ಕಾವೀಳ ಅನ್ನುತ್ತಾರೆ, ವಿಜಯಪುರ ಕಲಬುರಗಿ ಕಡೆಯವರು ಕಾಮಣಿ ಅನ್ನುತ್ತಾರೆ, ಕರಾವಳಿಯವರು ಅರಿಶಿನ ಮುಂಡಿಗೆ ಅನ್ನುತ್ತಾರೆ. ಮಳೆಗಾಲದ ಈ ಕಾಮಾಲೆಗೆ ಸಾಮಾನ್ಯವಾಗಿ ಕಾರಣ ಕೊಳಕು ನೀರು ಅಥವಾ ಆಹಾರದಿಂದ ಬರುವ ಹೆಪಟೈಟಿಸ್ ಎ ಇಲ್ಲವೇ ಇ ವೈರಸ್. ವಾಂತಿ, ಸುಸ್ತು, ಹಳದಿ ಮೂತ್ರ ಎಲ್ಲ ಜೋರಾಗಿ ಬಂದು, ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಗರ್ಭಿಣಿಯರಲ್ಲಿ ಮಾತ್ರ ಹೆಪಟೈಟಿಸ್ ಇ ಪ್ರಾಣಕ್ಕೇ ಬರಬಹುದು. ಅವರು ಒಂದು ದಿನವೂ ಮನೆಯಲ್ಲಿ ಕಾಯಬಾರದು.

ಹೆಪಟೈಟಿಸ್ ಬಿ ಮತ್ತು ಸಿ ಹೀಗಲ್ಲ. ಅವು ರಕ್ತದಿಂದ, ಸೂಜಿಯಿಂದ, ತಾಯಿಯಿಂದ ಮಗುವಿಗೆ, ಲೈಂಗಿಕ ಸಂಪರ್ಕದಿಂದ ಬರುತ್ತವೆ. ಬಂದು ಉಳಿದುಬಿಟ್ಟರೆ ಹೆಚ್ಚಿನವರಲ್ಲಿ ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಕೂತಿರುತ್ತವೆ, ಕಣ್ಣು ಹಳದಿಯಾಗುವುದಿಲ್ಲ, ಹಸಿವು ಕೆಡುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿದಾಗಲೋ ರಕ್ತ ವಾಂತಿಯಾದಾಗಲೋ ಗೊತ್ತಾಗುವ ಹೊತ್ತಿಗೆ ಲಿವರ್ ಗಂಟುಗಂಟಾಗಿರುತ್ತದೆ.

ವೈರಸ್ ಲಿವರನ್ನು ತಿಂದುಹಾಕಿತು ಎಂದೇ ಜನ ತಿಳಿಯುತ್ತಾರೆ. ಆದರೆ ಈ ಎರಡೂ ವೈರಸ್‌ಗಳು ತಾವು ಹೊಕ್ಕ ಕೋಶವನ್ನು ನೇರವಾಗಿ ಕೊಲ್ಲುವುದು ಕಡಿಮೆ. ಹಾನಿಯ ದೊಡ್ಡ ಪಾಲು ನಮ್ಮದೇ ರೋಗನಿರೋಧಕ ವ್ಯವಸ್ಥೆಯದು. ಅದು ಶುರು ಮಾಡಿದ ಕೆಲಸ ಮುಗಿಯದೆ, ಕೂಗಿದ ಕೂಗು ನಿಲ್ಲದೆ, ವರ್ಷಗಟ್ಟಲೆ ಸಣ್ಣಗೆ ಉರಿಯುತ್ತಿರುತ್ತದೆ. ಇದು ತಲೆಗೆ ಹತ್ತಿದರೆ ರಿಪೋರ್ಟಿನ ಅಂಕಿಗಳೂ, ವೈದ್ಯರ ಕಟ್ಟುನಿಟ್ಟುಗಳೂ ತಾವಾಗಿ ಅರ್ಥವಾಗುತ್ತವೆ.

ತಾಳ್ಮೆಯ ಅಂಗ

ಲಿವರಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ರಕ್ತನಾಳದ ಮೂಲಕ ಬರುತ್ತದೆ. ಅದರಲ್ಲಿ ಊಟದ ಅಂಶಗಳಷ್ಟೇ ಅಲ್ಲ, ಕರುಳಿನ ಬ್ಯಾಕ್ಟೀರಿಯಾಗಳ ಚೂರುಪಾರುಗಳೂ ಇರುತ್ತವೆ. ಇದಕ್ಕೆಲ್ಲ ರಂಪ ಮಾಡಿದರೆ ಪ್ರತಿ ಊಟದ ಮೇಲೂ ಲಿವರಿನಲ್ಲಿ ಉರಿಯೂತವೇ. ಅದಕ್ಕೆಂದೇ ಲಿವರಿನ ನಿರೋಧಕ ಕೋಶಗಳು ಸಹಿಸಿಕೊಳ್ಳುವ ಸ್ವಭಾವದವು. ರಕ್ತದ ಹಾದಿಯಲ್ಲೇ ಕೂತು ಕಸ ನುಂಗುವ ಕುಪ್ಫರ್ ಕೋಶಗಳು ಮಾಮೂಲು ದಿನಗಳಲ್ಲಿ ಇಂಟರ್‌ಲ್ಯೂಕಿನ್-10 ಎಂಬ ಸಮಾಧಾನದ ಸಂದೇಶವನ್ನೇ ಹೊರಡಿಸುತ್ತವೆ. ಈ ತಾಳ್ಮೆ ಲಿವರನ್ನು ಕಾಯುತ್ತದೆ, ಬಿ ಮತ್ತು ಸಿ ವೈರಸ್‌ಗಳಿಗೆ ಬಾಗಿಲನ್ನೂ ತೆರೆದಿಡುತ್ತದೆ.

ಎಚ್ಚರಿಕೆಯ ತಂತಿಯನ್ನೇ ಕತ್ತರಿಸುವುದು

ಸಿ ವೈರಸ್‌ನದು ಸುಮಾರು 9,600 ಅಕ್ಷರಗಳ ಆರ್‌ಎನ್‌ಎ. ಅದು ಲಿವರ್ ಕೋಶದೊಳಗೆ ಬಿಚ್ಚಿಕೊಂಡ ಕೂಡಲೇ ರಿಗ್-ಐ ಎಂಬ ಕಾವಲು ಪ್ರೊಟೀನ್ ಅದನ್ನು ಹಿಡಿದು ನೋಡಿ, ಇದು ನಮ್ಮದಲ್ಲ ಎಂದು ಗುರುತಿಸುತ್ತದೆ. ಸುದ್ದಿ ಮೈಟೊಕಾಂಡ್ರಿಯದ ಮೇಲೆ ಕೂತಿರುವ ಮ್ಯಾವ್ಸ್ ಎಂಬ ಇನ್ನೊಂದು ಪ್ರೊಟೀನಿಗೆ ಹೋಗುತ್ತದೆ. ಅಲ್ಲಿಂದ ಐಆರ್‌ಎಫ್-3 ಮತ್ತು ಎನ್ಎಫ್-ಕಪ್ಪಾ-ಬಿ ಎಂಬ ಎರಡು ದೂತರು ಕೋಶಕೇಂದ್ರಕ್ಕೆ ನುಗ್ಗಿ ಇಂಟರ್‌ಫೆರಾನ್ ತಯಾರಿಕೆಯ ಜೀನ್‌ಗಳನ್ನು ಚಾಲೂ ಮಾಡುತ್ತಾರೆ. ಹೊರಗೆ ಬಂದ ಇಂಟರ್‌ಫೆರಾನ್ ಅಕ್ಕಪಕ್ಕದ ಕೋಶಗಳ ಬಾಗಿಲು ತಟ್ಟುತ್ತದೆ. ಅವುಗಳಲ್ಲಿ ನೂರಾರು ಜೀನ್‌ಗಳು ಎಚ್ಚೆತ್ತು, ವೈರಸ್ ಬೆಳೆಯಲಾಗದ ಹಾಗೆ ಕೋಶವನ್ನು ಸಜ್ಜು ಮಾಡುತ್ತವೆ.

ಸಿ ವೈರಸ್ ಹಾವಳಿ ಮಾಡುವುದು ಇದೇ ಹಾದಿಯ ನಡುವೆ. ಅದರ ಪ್ರೊಟೀನ್‌ಗಳು ಒಂದೇ ಉದ್ದ ಸರವಾಗಿ ತಯಾರಾಗುತ್ತವೆ. ಆ ಸರವನ್ನು ಬಿಡಿಬಿಡಿಯಾಗಿ ಕತ್ತರಿಸಲು ವೈರಸ್‌ಗೆ ತನ್ನದೇ ಕತ್ತರಿಯೊಂದಿದೆ, ಎನ್ಎಸ್3/4ಎ ಎಂದು ಅದರ ಹೆಸರು. ಅದೇ ಕತ್ತರಿ ಮ್ಯಾವ್ಸ್ ಪ್ರೊಟೀನನ್ನೂ ಕತ್ತರಿಸಿ ಮೈಟೊಕಾಂಡ್ರಿಯದಿಂದ ಉದುರಿಸುತ್ತದೆ. ಕಾವಲುಗಾರ ಕೂಗಿದ, ತಂತಿ ತುಂಡಾಗಿತ್ತು, ಸುದ್ದಿ ಮುಟ್ಟಲಿಲ್ಲ.

ಹಾಗಾದರೆ ಲಿವರಿನಲ್ಲಿ ಇಂಟರ್‌ಫೆರಾನ್ ಇರಲೇಬಾರದಿತ್ತಲ್ಲ? ಆದರೆ ಸಿ ಇರುವ ಅನೇಕರ ಲಿವರಿನಲ್ಲಿ ಇಂಟರ್‌ಫೆರಾನ್‌ನಿಂದ ಎಚ್ಚೆತ್ತ ಜೀನ್‌ಗಳು ವರ್ಷಗಟ್ಟಲೆ ಚಾಲೂ ಇರುತ್ತವೆ. ಸೋಂಕಿತ ಕೋಶಕ್ಕೆ ಅಂಟಿಕೊಂಡ ಡೆಂಡ್ರಿಟಿಕ್ ಎಂಬ ಕೆಲವು ನಿರೋಧಕ ಕೋಶಗಳು ತಮಗೆ ಸೋಂಕಿಲ್ಲದಿದ್ದರೂ ವೈರಸ್‌ನ ಆರ್‌ಎನ್‌ಎ ಪಡೆದು ಕೂಗೆಬ್ಬಿಸುತ್ತವೆ. ಅವುಗಳೊಳಗೆ ಆ ಕತ್ತರಿ ಇಲ್ಲವಲ್ಲ. ಕೂಗು ಸದಾ ಇರುವುದರಿಂದ ಕೇಳುವ ಕಿವಿ ಮಂದವಾಗುತ್ತದೆ. ಯುಎಸ್‌ಪಿ18 ಎಂಬ ಪ್ರೊಟೀನ್ ಹೆಚ್ಚಾಗಿ ಇಂಟರ್‌ಫೆರಾನ್ ಗ್ರಾಹಕಗಳನ್ನು ಜಡಗೊಳಿಸುತ್ತದೆ. ಹಿಂದೆ ಪ್ರತಿ ವಾರ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದ ಕಾಲದಲ್ಲಿ, ಈ ಜೀನ್‌ಗಳು ಮೊದಲೇ ಚಾಲೂ ಇದ್ದವರಿಗೇ ಮದ್ದು ಕಡಿಮೆ ಹತ್ತುತ್ತಿದ್ದುದು ಇದಕ್ಕೇ. ವೈರಸ್ ಸಾಯದೆ ಉಳಿಯುತ್ತದೆ. ಆದರೆ ಈ ಕೂಗಿನ ಜೊತೆ ಹೊರಡುವ ಸಿಎಕ್ಸ್‌ಸಿಎಲ್10ನಂಥ ಕರೆಪತ್ರಗಳು ರಕ್ತದಿಂದ ಬಿಳಿ ಕಣಗಳನ್ನು ಲಿವರಿಗೆ ಎಳೆದುಕೊಳ್ಳುತ್ತಲೇ ಇರುತ್ತವೆ.

ಬಿ ವೈರಸ್ ಇನ್ನೂ ಗುಟ್ಟಿನದು. ಸುಮಾರು 3,200 ಅಕ್ಷರಗಳಷ್ಟೇ ಅದರ ಡಿಎನ್‌ಎ. ಪಿತ್ತದ ಲವಣಗಳನ್ನು ಒಳಗೆ ಬಿಟ್ಟುಕೊಳ್ಳುವ ಎನ್‌ಟಿಸಿಪಿ ಎಂಬ ದ್ವಾರದಿಂದ ಅದು ಒಳಹೊಗುತ್ತದೆ. ಈ ದ್ವಾರ ಯಾವುದೆಂದು ಗೊತ್ತಾದದ್ದೇ 2012ರಲ್ಲಿ. ಕೋಶಕೇಂದ್ರಕ್ಕೆ ಹೋಗಿ ಉಂಗುರದಂತೆ ಮುಚ್ಚಿಕೊಂಡು, ನಮ್ಮ ವರ್ಣತಂತುವಿನಂತೆಯೇ ಪ್ರೊಟೀನ್ ಸುತ್ತಿಕೊಂಡು ಕೂರುತ್ತದೆ. ಇದಕ್ಕೆ ಸಿಸಿಸಿ ಡಿಎನ್‌ಎ ಎನ್ನುತ್ತಾರೆ. ಅಲ್ಲಿಂದ ಹೊರಡುವ ಆರ್‌ಎನ್‌ಎ ನಮ್ಮ ಜೀನಿನದರಂತೆಯೇ ಕಾಣುತ್ತದೆ. ಅದನ್ನು ಮತ್ತೆ ಡಿಎನ್‌ಎ ಮಾಡುವ ಕೆಲಸ ಪ್ರೊಟೀನ್ ಕವಚದ ಒಳಗೇ ನಡೆಯುತ್ತದೆ, ಕಾವಲುಗಾರರ ಕಣ್ಣಿಗೆ ಬೀಳುವುದೇ ಇಲ್ಲ. ಸಾಲದ್ದಕ್ಕೆ ಎಚ್‌ಬಿಎಸ್‌ಎಜಿ ಎಂಬ ಹೊರಪೊರೆಯ ಪ್ರೊಟೀನನ್ನು ಖಾಲಿ ಚಿಪ್ಪುಗಳಾಗಿ ಮಾಡಿ, ನಿಜವಾದ ವೈರಸ್‌ಗಿಂತ ಸಾವಿರಾರು ಪಟ್ಟು ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಸುರಿಯುತ್ತದೆ. ಎದುರಿಸಬೇಕಾದ ಕೋಶಗಳು ಆ ಖಾಲಿ ಚಿಪ್ಪುಗಳ ರಾಶಿಯಲ್ಲೇ ದಣಿಯುತ್ತವೆ.

ಕೊಲ್ಲಲೂ ಆಗದು, ಬಿಡಲೂ ಆಗದು

ಸೋಂಕನ್ನು ನಿಜವಾಗಿ ಮುಗಿಸಬೇಕಾದವು ಸಿಡಿ8 ಟಿ ಕೋಶಗಳೆಂಬ ಬಿಳಿ ಕಣಗಳು. ಅವು ಸೋಂಕಿತ ಕೋಶವನ್ನು ಗುರುತಿಸಿ ಸಾಯಿಸಬಲ್ಲವು, ಸಾಯಿಸದೆಯೂ ಗೆಲ್ಲಬಲ್ಲವು. 1999ರಲ್ಲಿ ಪ್ರಕಟವಾದ ಚಿಂಪಾಂಜಿ ಪ್ರಯೋಗದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಟಿ ಕೋಶಗಳ ದಂಡು ಲಿವರಿಗೆ ಪೂರ್ತಿ ಬರುವ ಮೊದಲೇ, ಲಿವರ್ ಕೋಶಗಳು ದೊಡ್ಡ ಸಂಖ್ಯೆಯಲ್ಲಿ ಸಾಯುವ ಮೊದಲೇ, ಬಿ ವೈರಸ್‌ನ ಡಿಎನ್‌ಎ ಬಹುಮಟ್ಟಿಗೆ ಮಾಯವಾಗಿತ್ತು. ಇಂಟರ್‌ಫೆರಾನ್-ಗಾಮಾ, ಟಿಎನ್ಎಫ್-ಆಲ್ಫಾ ಎಂಬ ಸಂದೇಶಗಳು ಕೋಶವನ್ನು ಉಳಿಸಿಕೊಂಡೇ ವೈರಸ್‌ನ ಬೆಳವಣಿಗೆಯನ್ನು ತಡೆಯುತ್ತವೆ. ದೊಡ್ಡವರಿಗೆ ಹೊಸದಾಗಿ ಬಿ ಸೋಂಕು ತಗುಲಿದರೆ ನೂರರಲ್ಲಿ ತೊಂಬತ್ತೈದು ಮಂದಿ ಹೀಗೆಯೇ ಗೆದ್ದು ಮುಗಿಸುತ್ತಾರೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಪಡೆದ ಹಸುಗೂಸಿನಲ್ಲಿ ಲೆಕ್ಕ ತಿರುಗುಮುರುಗು: ತಡೆ ಕೊಡದಿದ್ದರೆ ನೂರರಲ್ಲಿ ತೊಂಬತ್ತು ಮಕ್ಕಳಿಗೆ ಅದು ದೀರ್ಘಕಾಲ ಉಳಿಯುತ್ತದೆ. ಸಿ ತಗುಲಿದ ದೊಡ್ಡವರಲ್ಲಿ ಸುಮಾರು ನೂರರಲ್ಲಿ ಎಪ್ಪತ್ತು ಮಂದಿಗೆ ಉಳಿಯುತ್ತದೆ.

ಉಳಿದ ಮೇಲೆ ಟಿ ಕೋಶಗಳ ಪಾಡು ಬೇರೆ. ತಿಂಗಳಾನುಗಟ್ಟಲೆ ಅದೇ ಗುರುತು ಎದುರಿಗೆ ಬರುತ್ತಿದ್ದರೆ ಅವುಗಳ ಮೈಮೇಲೆ ಪಿಡಿ-1 ಎಂಬ ಬ್ರೇಕು ಮೂಡುತ್ತದೆ. ಹೊಡೆಯುವ ಕಸುವು ಕಳೆದುಕೊಂಡು ಸೋಲುತ್ತವೆ, ಆದರೂ ಸಾಯುವುದಿಲ್ಲ, ಪೂರ್ತಿ ಸುಮ್ಮನಾಗುವುದೂ ಇಲ್ಲ. ಸೋಂಕು ತೊಲಗಿಸುವಷ್ಟು ಬಲವಿಲ್ಲ, ದಿನಕ್ಕೆ ಒಂದಷ್ಟು ಕೋಶಗಳನ್ನು ಕೆಡವುವಷ್ಟು ಇದೆ. ಗುರಿಯೇ ಗೊತ್ತಿಲ್ಲದ ಬಿಳಿ ಕಣಗಳು ಕರೆಪತ್ರ ನೋಡಿ ಬಂದು ಇವುಗಳ ಸುತ್ತ ನೆರೆಯುತ್ತವೆ, ಹಾನಿಯಲ್ಲಿ ದೊಡ್ಡ ಪಾಲು ಇವುಗಳದೂ ಹೌದು. ದೀರ್ಘಕಾಲದ ಹೆಪಟೈಟಿಸ್ ಅಂದರೆ ಈ ಅರೆಬರೆ ಯುದ್ಧ.

ಇತ್ತ ಕುಪ್ಫರ್ ಕೋಶಗಳೂ ಸ್ವಭಾವ ಬದಲಿಸುತ್ತವೆ. ಸಿ ವೈರಸ್ ನುಂಗಿದ ಕುಪ್ಫರ್ ಕೋಶದಲ್ಲಿ ಎರಡು ಹಂತಗಳಲ್ಲಿ ಕೆಲಸ ನಡೆಯುತ್ತದೆ. ಮೊದಲು ಎನ್ಎಫ್-ಕಪ್ಪಾ-ಬಿ ಚಾಲೂ ಆಗಿ ಇಂಟರ್‌ಲ್ಯೂಕಿನ್-1 ಬೀಟಾದ ಕಚ್ಚಾ ರೂಪ ತಯಾರಾಗುತ್ತದೆ. ಆಮೇಲೆ ಎನ್ಎಲ್ಆರ್‌ಪಿ3 ಇನ್ಫ್ಲಮಸೋಮ್ ಎಂಬ ಜೋಡಣೆ ಕೂಡಿಕೊಂಡು ಕ್ಯಾಸ್ಪೇಸ್-1 ಎಂಬ ಕತ್ತರಿಯನ್ನು ಎಬ್ಬಿಸಿ, ಆ ಕಚ್ಚಾ ರೂಪವನ್ನು ಕತ್ತರಿಸಿ ಹೊರಗೆ ಬಿಡುತ್ತದೆ. ಎರಡು ಹಂತ ಇರುವುದೇ ಸಣ್ಣಪುಟ್ಟದಕ್ಕೆ ಉರಿ ಏಳಬಾರದೆಂದು. ವೈರಸ್ ಎರಡನ್ನೂ ದಾಟಿಸುತ್ತದೆ.

ಕಲೆ ಕಟ್ಟುವ ಜಾಗ

ಲಿವರ್ ಕೋಶಗಳ ಸಾಲಿಗೂ ರಕ್ತ ಹರಿಯುವ ಸೂಕ್ಷ್ಮ ಕಾಲುವೆಗೂ ನಡುವೆ ಒಂದು ಸಂದಿ ಇದೆ, ಡಿಸ್ಸೆ ಸಂದಿ ಅಂತ. ಆ ಕಾಲುವೆಯ ಗೋಡೆಯಲ್ಲಿ ಜರಡಿಯಂತೆ ತೂತುಗಳಿರುವುದರಿಂದ ರಕ್ತದ ಸಾರ ಸಂದಿಗೆ ಸೋರಿ ಕೋಶಗಳನ್ನು ನೇರ ಮುಟ್ಟುತ್ತದೆ. ಸಂದಿಯಲ್ಲಿ ಅಲ್ಲಲ್ಲಿ ನಕ್ಷತ್ರಾಕಾರದ ಸ್ಟೆಲೇಟ್ ಕೋಶಗಳು ಕಾಲು ಚಾಚಿಕೊಂಡು ಕೂತಿರುತ್ತವೆ. ಅವುಗಳ ಹೊಟ್ಟೆ ತುಂಬ ಎಣ್ಣೆಯ ಹನಿಗಳು. ದೇಹದ ವಿಟಮಿನ್ ಎ ದಾಸ್ತಾನಿನ ಬಹುಪಾಲು ಅಲ್ಲಿದೆ. ಟಿಜಿಎಫ್-ಬೀಟಾ, ಪಿಡಿಜಿಎಫ್ ಎಂಬ ಸಂದೇಶಗಳು ಬಂದವೆಂದರೆ ಈ ಹನಿಗಳು ಕರಗುತ್ತವೆ. ಕೋಶ ಚಪ್ಪಟೆಯಾಗಿ, ಸ್ನಾಯುವಿನಂತೆ ಬಿಗಿದು ಕುಗ್ಗುವ ಗುಣ ಪಡೆದು, ಕೊಲಾಜೆನ್ ಎಳೆಗಳನ್ನು ನೇಯತೊಡಗುತ್ತದೆ. ಸಂದಿ ತುಂಬುತ್ತದೆ, ಜರಡಿಯ ತೂತು ಮುಚ್ಚುತ್ತದೆ, ಪಕ್ಕದಲ್ಲೇ ರಕ್ತ ಹರಿಯುತ್ತಿದ್ದರೂ ಲಿವರ್ ಕೋಶಕ್ಕೆ ಸಾರ ಸಿಗುವುದಿಲ್ಲ. ಕಾಲುವೆ ಇಕ್ಕಟ್ಟಾಗಿ ಪೋರ್ಟಲ್ ನಾಳದ ಒತ್ತಡ ಏರುತ್ತದೆ. ಒತ್ತಡ ಏರಿದರೆ ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಅನ್ನನಾಳದ ಸಿರೆಗಳು ಉಬ್ಬಿ ಒಡೆಯುತ್ತವೆ.

ಒಂದು ಗಾಯಕ್ಕೆ ಒಂದು ಕಲೆ ಒಳ್ಳೆಯದೇ, ಉರಿ ಆರಿದರೆ ದೇಹ ಆ ಕೊಲಾಜೆನ್ ಅನ್ನು ಕರಗಿಸಿಕೊಳ್ಳುತ್ತದೆ ಕೂಡ. ಆರದ ಉರಿಯಲ್ಲಿ ನೇಯುವ ಕೆಲಸ ಕರಗಿಸುವ ಕೆಲಸವನ್ನು ಹಿಂದೆ ಹಾಕುತ್ತದೆ.

ರಿಪೋರ್ಟನ್ನು ಹೀಗೆ ಓದಿ

ಎಸ್‌ಜಿಪಿಟಿ ಎಂದರೆ ಒಡೆದ ಲಿವರ್ ಕೋಶದಿಂದ ರಕ್ತಕ್ಕೆ ಚೆಲ್ಲಿದ ಕಿಣ್ವ. ಇಂದು ಎಷ್ಟು ಕೋಶ ಒಡೆಯುತ್ತಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಇಷ್ಟು ವರ್ಷದಲ್ಲಿ ಎಷ್ಟು ಕಲೆ ಕಟ್ಟಿದೆ ಎಂಬುದನ್ನಲ್ಲ. ಈ ಉರಿ ಏರಿಳಿಯುವಂಥದ್ದು. ಒಂದು ಸಲ ನಾರ್ಮಲ್ ಬಂದಿತೆಂದು ನಿಶ್ಚಿಂತೆ ಬೇಡ. ಸಿರೋಸಿಸ್ ಆದವರಲ್ಲೂ, ಅಂದರೆ ಕಲೆ ಕಟ್ಟಿ ಲಿವರ್ ಗಂಟುಗಂಟಾದವರಲ್ಲೂ, ಅದು 40ರ ಒಳಗೆ ಇರಬಹುದು.

ಕಲೆಯ ಅಂದಾಜಿಗೆ ಮಾಮೂಲು ರಕ್ತ ಪರೀಕ್ಷೆಯಲ್ಲೇ ಒಂದು ಲೆಕ್ಕ ಹಾಕಬಹುದು. ವಯಸ್ಸನ್ನು ಎಸ್‌ಜಿಒಟಿ ಎಂಬ ಇನ್ನೊಂದು ಕಿಣ್ವದ ಅಂಕಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಸಾವಿರದಲ್ಲಿ ಬರೆದುಕೊಂಡು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉದಾಹರಣೆಗೆ ಪಿಂಪರಿಯ ಕಾರ್ಖಾನೆಯಲ್ಲಿ ದುಡಿಯುವ 46 ವರ್ಷದವರೊಬ್ಬರ ಎಸ್‌ಜಿಒಟಿ 64, ಎಸ್‌ಜಿಪಿಟಿ 78, ಪ್ಲೇಟ್‌ಲೆಟ್ 1.40 ಲಕ್ಷ ಎಂದಿಟ್ಟುಕೊಳ್ಳಿ. 46 ಗುಣಿಸು 64 ಅಂದರೆ 2,944. 78ರ ವರ್ಗಮೂಲ 8.83, ಅದನ್ನು 140ರಿಂದ ಗುಣಿಸಿದರೆ 1,236. ಭಾಗಿಸಿದರೆ 2.38. ಇದೇ ಫಿಬ್-4 ಅಂಕ. 1.45ಕ್ಕಿಂತ ಕಡಿಮೆಯಿದ್ದರೆ ಹೆಚ್ಚು ಕಲೆ ಇರುವ ಸಂಭವ ಕಡಿಮೆ, 3.25 ದಾಟಿದರೆ ಗಂಭೀರ. ಇವರದು ನಡುವಿನದು, ಲಿವರಿನ ಗಟ್ಟಿತನ ಅಳೆಯುವ ಫೈಬ್ರೊಸ್ಕ್ಯಾನ್ ಮಾಡಿಸಲೇಬೇಕು. ಇಂಥವರಿಗೆ ಎಸ್‌ಜಿಪಿಟಿ ಸ್ವಲ್ಪ ಹೆಚ್ಚು, ಪರವಾಗಿಲ್ಲ ಎಂದು ಹೇಳಿ ಕಳಿಸುವುದು ತಪ್ಪು. ಅಲ್ಲಿ ಮಾತಾಡುತ್ತಿರುವುದು ಪ್ಲೇಟ್‌ಲೆಟ್ ಸಂಖ್ಯೆ.

ಫೈಬ್ರೊಸ್ಕ್ಯಾನಿಗೆ ಹೋಗುವ ಮುಂಚೆ ಕನಿಷ್ಠ ಮೂರು ಗಂಟೆ ಏನೂ ತಿನ್ನಬಾರದು. ಊಟವಾದ ಮೇಲೆ ಲಿವರಿಗೆ ರಕ್ತ ಹೆಚ್ಚು ಹರಿದು ಗಟ್ಟಿತನ ಸುಳ್ಳೇ ಏರುತ್ತದೆ. ಹತ್ತು ಸರಿಯಾದ ಅಳತೆಗಳು ಇರಬೇಕು. ಎಸ್‌ಜಿಪಿಟಿ ನೂರಾರು ಇರುವಾಗ ಮಾಡಿಸಿದರೂ ಅಂಕಿ ಹೆಚ್ಚೇ ಬರುತ್ತದೆ, ಏಕೆಂದರೆ ಉರಿಯೂತದ ಊತವೂ ಯಂತ್ರಕ್ಕೆ ಗಟ್ಟಿಯಾಗಿಯೇ ತೋರುತ್ತದೆ.

ಉರಿ ಆರಿಸುವ ದಾರಿ

ಉರಿಯೂತವನ್ನೇ ನೇರವಾಗಿ ಅದುಮುವುದು ಇಲ್ಲಿ ಮದ್ದಲ್ಲ, ವೈರಸ್ಸನ್ನು ತಡೆಯುವುದೇ ಮದ್ದು. ಸಿ ವೈರಸ್‌ಗೆ ಸೊಫೊಸ್ಬುವಿರ್ ಜೊತೆ ಡಕ್ಲಟಾಸ್ವಿರ್ ಅಥವಾ ವೆಲ್ಪಟಾಸ್ವಿರ್, ಸಾಮಾನ್ಯವಾಗಿ ದಿನವೂ ತಪ್ಪದೆ 12 ವಾರ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಪೂರ್ತಿ ಗುಣವಾಗುತ್ತದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆಯೂ ಗುಳಿಗೆಯೂ ಉಚಿತ. ಮುಗಿದು 12 ವಾರದ ಮೇಲೆ ಆರ್‌ಎನ್‌ಎ ಪರೀಕ್ಷೆ ಮಾಡಿಸಬೇಕು, ಆಂಟಿಬಾಡಿ ಪರೀಕ್ಷೆಯನ್ನಲ್ಲ. ಆಂಟಿಬಾಡಿ ಗುಣವಾದವರಲ್ಲೂ ಸಾಮಾನ್ಯವಾಗಿ ಪಾಸಿಟಿವ್ ಆಗಿಯೇ ಉಳಿಯುತ್ತದೆ. ನೌಕರಿಯ ಮೆಡಿಕಲ್‌ನಲ್ಲಿ ಆ ಒಂದು ಚೀಟಿ ನೋಡಿ ಗುಣವಾದವರನ್ನೂ ರೋಗಿ ಎಂದುಬಿಡುತ್ತಾರೆ, ಹೀಗಾಗಿ ಆರ್‌ಎನ್‌ಎ ರಿಪೋರ್ಟನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಸಿರೋಸಿಸ್ ಆಗಿದ್ದವರು ವೈರಸ್ ಹೋದ ಮೇಲೂ ಆರು ತಿಂಗಳಿಗೊಮ್ಮೆ ಸೋನೊಗ್ರಫಿ ಬಿಡುವಂತಿಲ್ಲ, ಕ್ಯಾನ್ಸರಿನ ಅಪಾಯ ಉಳಿದಿರುತ್ತದೆ.

ಸಿ ಮದ್ದು ಶುರುಮಾಡುವ ಮುಂಚೆ ಬಿ ಪರೀಕ್ಷೆ ಆಗಿರಲೇಬೇಕು. ಎರಡೂ ಇರುವವರಲ್ಲಿ ಸಿ ಎಬ್ಬಿಸಿದ ಇಂಟರ್‌ಫೆರಾನ್ ಗದ್ದಲವೇ ಬಿ ವೈರಸ್ಸನ್ನೂ ಅಷ್ಟಿಷ್ಟು ಅದುಮಿಟ್ಟಿರುತ್ತದೆ. ಸಿ ಹೋದ ಕೂಡಲೇ ಗದ್ದಲ ಅಡಗುತ್ತದೆ, ಬಿ ತಲೆಯೆತ್ತುತ್ತದೆ. ಇಂಥ ಪ್ರಕರಣಗಳನ್ನು ನೋಡಿಯೇ ಅಮೆರಿಕದ ಔಷಧ ನಿಯಂತ್ರಕರು 2016ರಲ್ಲಿ ಈ ಮದ್ದುಗಳ ಮೇಲೆ ಕಡು ಎಚ್ಚರಿಕೆ ಹಾಕಿಸಿದರು.

ಬಿ ವೈರಸ್‌ಗೆ ಟೆನೊಫೊವಿರ್ ಅಥವಾ ಎಂಟೆಕಾವಿರ್. ಎಂಟೆಕಾವಿರ್ ಅನ್ನು ಬರಿಹೊಟ್ಟೆಯಲ್ಲಿ, ಊಟವಾಗಿ ಎರಡು ಗಂಟೆಯ ಮೇಲೆ, ಮುಂದಿನ ಊಟಕ್ಕೆ ಎರಡು ಗಂಟೆ ಮೊದಲು ತೆಗೆದುಕೊಳ್ಳಬೇಕು. ಇವು ಹೊಸ ವೈರಸ್ ತಯಾರಾಗುವುದನ್ನು ತಡೆಯುತ್ತವೆ, ಕೋಶಕೇಂದ್ರದಲ್ಲಿ ಕೂತ ಸಿಸಿಸಿ ಡಿಎನ್‌ಎಯನ್ನು ಮುಟ್ಟುವುದಿಲ್ಲ. ಅದಕ್ಕೇ ವರ್ಷಗಟ್ಟಲೆ ನುಂಗಬೇಕು. ಬಹಳ ಕೆಡುವುದು ಇಲ್ಲೇ: ಪುಣೆಯಿಂದ ಸುಗ್ಗಿಗೆ ಊರಿಗೆ ಹೋದವರು ಗುಳಿಗೆ ಮುಗಿದರೂ ತರಿಸಿಕೊಳ್ಳುವುದಿಲ್ಲ, ಮೈ ಚೆನ್ನಾಗಿದೆಯಲ್ಲ ಅನ್ನಿಸುತ್ತದೆ. ವಾರಗಳಲ್ಲಿ ವೈರಸ್ ಏರುತ್ತದೆ. ಮದ್ದಿನ ಕಾಲದಲ್ಲಿ ಸ್ವಲ್ಪ ಚೇತರಿಸಿಕೊಂಡಿದ್ದ ಟಿ ಕೋಶಗಳು ಏಕಾಏಕಿ ಎಲ್ಲೆಡೆ ಗುರಿ ಕಂಡು ಮುಗಿಬೀಳುತ್ತವೆ. ಎಸ್‌ಜಿಪಿಟಿ ಸಾವಿರ ದಾಟಬಹುದು. ಮೊದಲೇ ಸಿರೋಸಿಸ್ ಇದ್ದವರಿಗೆ ಇದು ಪ್ರಾಣಾಂತಿಕವಾಗಬಹುದು.

ಸ್ಟಿರಾಯ್ಡ್, ಕಿಮೊಥೆರಪಿ, ರಿಟುಕ್ಸಿಮ್ಯಾಬ್ ಕೊಡುವಾಗಲೂ ಇದೇ ನಾಟಕ ಎರಡು ಅಂಕಗಳಲ್ಲಿ. ನಿರೋಧಕ ಶಕ್ತಿ ಅದುಮಿರುವಾಗ ವೈರಸ್ ಸದ್ದಿಲ್ಲದೆ ಬೆಳೆಯುತ್ತದೆ, ಮದ್ದು ನಿಂತ ಮೇಲೆ ನಿರೋಧಕ ಕೋಶಗಳು ಎದ್ದು ಹೊಡೆಯುತ್ತವೆ. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ದಿನಕ್ಕೆ 20 ಮಿಲಿಗ್ರಾಂನಂತೆ ನಾಲ್ಕು ವಾರ ಮೀರುವುದಾದರೆ ಮೊದಲೇ ಎಚ್‌ಬಿಎಸ್‌ಎಜಿ ಮತ್ತು ಹಿಂದೆಂದಾದರೂ ಬಿ ತಗುಲಿತ್ತೇ ಎಂದು ತೋರಿಸುವ ಟೋಟಲ್ ಆಂಟಿ-ಎಚ್‌ಬಿಸಿ ಎರಡನ್ನೂ ನೋಡಿಸಿ. ಹಿಂದೆಂದೋ ಗುಣವಾಯಿತು ಎಂದುಕೊಂಡವರಲ್ಲೂ ಆ ಉಂಗುರ ಡಿಎನ್‌ಎ ಕೂತಿರುತ್ತದೆ.

ಇಮ್ಯುನಿಟಿ ಹೆಚ್ಚಿಸುತ್ತೇವೆ ಎನ್ನುವ ಕಷಾಯ, ಪುಡಿ, ಗುಳಿಗೆಗಳ ಬಗ್ಗೆ ನೇರವಾಗಿಯೇ ಹೇಳಬೇಕು. ಇಲ್ಲಿ ಕೊರತೆ ಉರಿಯದಲ್ಲ, ಗುರಿಯದು. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಮಂದಿಗೆ ಸ್ವಯಂನಿರೋಧಕ ರೀತಿಯ ಲಿವರ್ ಉರಿಯೂತವಾದುದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಬಿ ಅಥವಾ ಸಿ ಇರುವವರು ಇದನ್ನು ತೆಗೆದುಕೊಳ್ಳಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಗೋವಾದಲ್ಲಿ ಗೇರುಹಣ್ಣಿನ ಕಾಲ ಬಂತೆಂದರೆ ಉರಾಕ್, ಆಮೇಲೆ ಫೆನಿ. ಫೆನಿಯಲ್ಲಿ ಮದ್ಯಸಾರ ನೂರಕ್ಕೆ ನಲವತ್ತು ದಾಟುತ್ತದೆ. ಮದ್ಯ ಕರುಳಿನ ಗೋಡೆಯನ್ನು ಸಡಿಲಿಸಿ ಬ್ಯಾಕ್ಟೀರಿಯಾದ ವಿಷಾಂಶವನ್ನು ಪೋರ್ಟಲ್ ರಕ್ತಕ್ಕೆ ಬಿಡುತ್ತದೆ. ಅದು ಕುಪ್ಫರ್ ಕೋಶದ ಟಿಎಲ್ಆರ್-4 ಎಂಬ ಗ್ರಾಹಕವನ್ನು ತಟ್ಟಿ, ವೈರಸ್ ಹಚ್ಚಿದ ಅದೇ ಎನ್ಎಫ್-ಕಪ್ಪಾ-ಬಿ ಹಾದಿಗೆ ಇನ್ನಷ್ಟು ಕಟ್ಟಿಗೆ ಹಾಕುತ್ತದೆ. ಹೀಗಾಗಿ ಇವರಿಗೆ ಸ್ವಲ್ಪ ಕುಡಿದರೆ ಸರಿ ಎಂಬ ಮಿತಿಯೇ ಇಲ್ಲ.

ಇನ್ನು ಹೆರಿಗೆ. ಮುಂಬಯಿಯಲ್ಲಿ ಪರೀಕ್ಷೆ ಮಾಡಿಸಿಕೊಂಡು ಬಾಣಂತನಕ್ಕೆ ಉಡುಪಿಗೋ ಬೆಳಗಾವಿಗೋ ತವರಿಗೆ ಹೋಗುವ ಹೆಣ್ಣುಮಕ್ಕಳು ಬಹಳ. ಫೈಲು ಇಲ್ಲೇ ಉಳಿಯುತ್ತದೆ, ಅಲ್ಲಿ ಹೆರಿಗೆ ಮಾಡಿಸುವವರಿಗೆ ಬಿ ಪಾಸಿಟಿವ್ ಎಂಬುದು ಗೊತ್ತಿರುವುದಿಲ್ಲ. ಡಿಎನ್‌ಎ ಪ್ರಮಾಣ ಮಿಲಿಲೀಟರಿಗೆ 2 ಲಕ್ಷ ಯೂನಿಟ್ ಮೀರಿದ್ದರೆ ಏಳನೇ ತಿಂಗಳಿಂದಲೇ, ಅಂದರೆ ತಡವೆಂದರೂ 28ನೇ ವಾರದಿಂದ, ತಾಯಿಗೆ ಟೆನೊಫೊವಿರ್ ಶುರುವಾಗಬೇಕು. ಮಗು ಹುಟ್ಟಿದ 24 ಗಂಟೆಯೊಳಗೆ, ಬೇಗವಾದಷ್ಟೂ ಒಳ್ಳೆಯದು, ಬಿ ಲಸಿಕೆ ಒಂದು ತೊಡೆಗೆ. ಸಾಧ್ಯವಾದರೆ 12 ಗಂಟೆಯೊಳಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಬಿ ವೈರಸ್ ವಿರುದ್ಧದ ಸಿದ್ಧ ಆಂಟಿಬಾಡಿಯ ಚುಚ್ಚುಮದ್ದು, ಇನ್ನೊಂದು ತೊಡೆಗೆ. ಮುಂದೆ 6, 10, 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆಯಲ್ಲಿ ಉಳಿದ ಡೋಸುಗಳು ಬರುತ್ತವೆ. ಎದೆಹಾಲು ಧಾರಾಳವಾಗಿ ಕೊಡಬಹುದು. ಇಮ್ಯುನೊಗ್ಲಾಬ್ಯುಲಿನ್ ಎಲ್ಲ ಊರಿನ ಆಸ್ಪತ್ರೆಯಲ್ಲೂ ಸಿದ್ಧವಿರುವುದಿಲ್ಲ, ಹಾಗಾಗಿ ಟಿಕೆಟ್ ತೆಗೆಸುವ ಹೊತ್ತಿಗೇ ತವರಿನ ಆಸ್ಪತ್ರೆಗೆ ಫೋನು ಮಾಡಿ ತರಿಸಿಡಲು ಹೇಳಿ, ರಿಪೋರ್ಟಿನ ಒಂದು ಪ್ರತಿಯನ್ನು ತಾಯಿ ಕಾರ್ಡಿಗೇ ಪಿನ್ ಮಾಡಿ ಕಳಿಸಿ.